ಹತ್ತೊಂಬತ್ತರ ಹುಡುಗನನ್ನು ಬೆಂಚಿನ ಮೇಲೆ ಕೂರಿಸಬೇಡಿ

ಪ್ರಶ್ನೆ: ಸರ್, ಕಂಪ್ಯೂಟರಿನಲ್ಲಿ ‘ಔಟ್ ಆಫ್ ದ ಪಾರ್ಕ್ ಬೇಸ್‌ಬಾಲ್’ ಅನ್ನುವ, ತಂಡ ನಡೆಸುವ ಆಟ ಆಡುತ್ತೇನೆ. ತಂಡಗಳು ಸರದಿಯಂತೆ ಹೊಸಬರನ್ನು ಆರಿಸಿಕೊಳ್ಳುವ ಡ್ರಾಫ್ಟ್‌ನ ಮೊದಲ ಸುತ್ತಿನಲ್ಲಿ ಒಬ್ಬ ಶಾರ್ಟ್‌ಸ್ಟಾಪ್ (ಎರಡನೇ, ಮೂರನೇ ಬೇಸ್ ನಡುವಿನ ಫೀಲ್ಡರ್) ಸಿಕ್ಕಿದ. ವಯಸ್ಸು 19. ಈಗಿನ ರೇಟಿಂಗ್ 35, ಪೊಟೆನ್ಶಿಯಲ್ 70. ಖುಷಿಯಾಗಿ ನೇರ ಎಲ್ಲಕ್ಕಿಂತ ಮೇಲಿನ ಮೇಜರ್ ಲೀಗ್ ತಂಡಕ್ಕೇ ಕರೆತಂದೆ. ಮೂರು ದಿನಕ್ಕೊಮ್ಮೆ ಆಡಿಸಿದೆ. ಬ್ಯಾಟಿಂಗ್ ಸರಾಸರಿ .170, ಅಂದರೆ ನೂರು ಸಲಕ್ಕೆ 17 ಹಿಟ್. ಈಗ ಪೊಟೆನ್ಶಿಯಲ್ 55ಕ್ಕೆ ಇಳಿದಿದೆ. ಆಟ ಮೋಸ ಮಾಡ್ತಿದೆ ಅಲ್ವಾ? — ಮದ್ದೂರಿನ ಓದುಗ

ಉತ್ತರ: ಆಟ ಮೋಸ ಮಾಡಿಲ್ಲ. ಹುಡುಗನಿಗೆ ಆಡೋಕೆ ಸಿಕ್ಕಿಲ್ಲ, ಅಷ್ಟೇ.

ಮೊದಲು ಆ 70 ಎಲ್ಲಿಂದ ಬಂತು ನೋಡೋಣ. 20ರಿಂದ 80ರವರೆಗಿನ ಈ ಅಳತೆಯನ್ನು ಆಟಗಾರರನ್ನು ಹುಡುಕಿ ಅಳೆಯುವ ಅಮೆರಿಕದ ನಿಜವಾದ ಸ್ಕೌಟ್‌ಗಳೂ ಬಳಸುತ್ತಾರೆ. 50 ಅಂದರೆ ಮೇಜರ್ ಲೀಗ್‌ನ ನಡುಮಟ್ಟದ ಆಟಗಾರ. ಪೊಟೆನ್ಶಿಯಲ್ 70 ಅಂದರೆ, ಎಲ್ಲ ಸರಿಹೋದರೆ ಇಷ್ಟು ಆಗಬಹುದು ಅಂತ ನಿಮ್ಮ ಸ್ಕೌಟ್ ಹಾಕಿದ ಅಂದಾಜು. ಆ ಸ್ಕೌಟ್‌ನ ಪುಟವನ್ನು ಒಂದು ಸಲ ತೆರೆದು ನೋಡಿ. ಮೇಜರ್ ಲೀಗ್‌ನವರನ್ನು ಚೆನ್ನಾಗಿ ಅಳೆಯುವ ಸ್ಕೌಟ್, ಶಾಲೆ ಕಾಲೇಜಿನ ಹುಡುಗರನ್ನು ಅಳೆಯುವಾಗ ಸಾಧಾರಣ ಇರಬಹುದು. ಆಟದಲ್ಲೇ ಒಎಸ್‌ಎ ಅಂತ ಇನ್ನೊಂದು ಸ್ಕೌಟಿಂಗ್ ವರದಿ ಸಿಗುತ್ತದೆ. ಅದನ್ನೂ ಪಕ್ಕದಲ್ಲಿಟ್ಟು ನೋಡಿ. ನಿಮ್ಮವನು 70 ಅಂದು, ಆ ವರದಿ 50 ಅಂದರೆ, ನಾನಾದರೆ 60 ಅಂತ ಹಿಡಿದು ಮುಂದಿನ ಲೆಕ್ಕ ಹಾಕುತ್ತೇನೆ.

ನಿಜವಾದ ಬೇಸ್‌ಬಾಲ್‌ನಲ್ಲೂ ಅಂದಾಜು ತಪ್ಪುವ ಇದೇ ಕಥೆ. 1988ರ ಡ್ರಾಫ್ಟ್‌ನಲ್ಲಿ ಮೈಕ್ ಪಿಯಾಝಾ ಅವರ ಹೆಸರು ಬಂದದ್ದು 62ನೇ ಸುತ್ತಿನಲ್ಲಿ. ಅವರು 427 ಹೋಮ್ ರನ್ ಹೊಡೆದು 2016ರಲ್ಲಿ ಹಾಲ್ ಆಫ್ ಫೇಮ್ ಸೇರಿದರು. 1991ರಲ್ಲಿ ಯಾಂಕೀಸ್ ತಂಡ ಎಲ್ಲರಿಗಿಂತ ಮೊದಲು ಆರಿಸಿದ ಬ್ರಿಯೆನ್ ಟೇಲರ್, ಭುಜಕ್ಕೆ ಪೆಟ್ಟಾಗಿ, ಮೇಜರ್ ಲೀಗ್‌ನಲ್ಲಿ ಒಂದು ಪಂದ್ಯವನ್ನೂ ಆಡಲಿಲ್ಲ.

ಈಗ ನಿಮ್ಮ ಹುಡುಗನ ವಿಷಯ. ನಾನು ಮೈಸೂರಿನಲ್ಲಿ ಇಪ್ಪತ್ತಾರು ವರ್ಷ ಪಿಟಿ ಮೇಷ್ಟ್ರಾಗಿದ್ದವನು. ನಿಮ್ಮ ಪತ್ರ ಓದಿದಾಗ ಶ್ರೀರಂಗಪಟ್ಟಣದಿಂದ ಬೆಳಗಿನ ಮೊದಲ ಬಸ್ಸಿಗೆ ಬರುತ್ತಿದ್ದ ಒಬ್ಬ ಹುಡುಗ ನೆನಪಾದ. ಹದಿಮೂರು ವರ್ಷ, ಒಳ್ಳೇ ವೇಗದ ಬೌಲರ್. ಹದಿನಾಲ್ಕು ಹೆಜ್ಜೆ ಓಡಿ ಬರುತ್ತಿದ್ದ. ಓಟ ಶುರುಮಾಡುವ ಜಾಗಕ್ಕೆ ಕಾಲಿನ ಹೆಬ್ಬೆರಳಿನಿಂದ ಒಂದು ಗೆರೆ ಎಳೆಯುತ್ತಿದ್ದ. ಅವನನ್ನು ದೊಡ್ಡ ಹುಡುಗರ ತಂಡಕ್ಕೆ ಸೇರಿಸಿದೆವು. ಅಲ್ಲಿ ಇಡೀ ಸೀಸನ್ ನೀರು ಹೊತ್ತ. ಬೌಲಿಂಗ್ ಸಿಕ್ಕಿದ್ದು ಎರಡೋ ಮೂರೋ ಓವರ್. ಮುಂದಿನ ವರ್ಷ ನೆಟ್ಸ್‌ಗೆ ಬಂದು ಅದೇ ಹದಿನಾಲ್ಕು ಹೆಜ್ಜೆ ಎಣಿಸಿ ಗೆರೆ ಎಳೆದ. ಓಡಿ ಬಂದರೆ ಕಾಲು ಕ್ರೀಸಿನಿಂದ ಒಂದು ಗೇಣು ಆಚೆ ಬಿತ್ತು. ಮತ್ತೆ ಹಾಕಿದ, ಮತ್ತೆ ನೋಬಾಲ್. ಆ ಒಂದು ವರ್ಷದಲ್ಲಿ ಅವನ ಕಾಲು ಉದ್ದವಾಗಿತ್ತು. ದಿನಾ ಬೌಲ್ ಮಾಡಿದ್ದರೆ ಗೆರೆ ತಾನಾಗಿಯೇ ಹಿಂದಕ್ಕೆ ಸರಿಯುತ್ತಿತ್ತು. ಬೆಂಚಿನ ಮೇಲೆ ಕೂತವನಿಗೆ ಅದು ಗೊತ್ತಾಗುವುದಾದರೂ ಹೇಗೆ? ಆ ವರ್ಷ ಅವನಿಗೆ ಮಾಡಿದ ಅನ್ಯಾಯ ನನಗೆ ಇವತ್ತಿಗೂ ಚುಚ್ಚುತ್ತದೆ.

ಈ ಆಟವನ್ನು ಮಾಡಿದವರು ಇದನ್ನು ಚೆನ್ನಾಗಿ ಅರ್ಥ ಮಾಡಿಕೊಂಡಿದ್ದಾರೆ. ಎಳೆಯ ಆಟಗಾರ ಬೆಳೆಯಬೇಕಾದರೆ ಅವನು ಆಡುತ್ತಿರಬೇಕು, ಅದೂ ಅವನ ಕೈಗೆ ಎಟುಕುವ ಹಂತದಲ್ಲಿ. ಸ್ವಲ್ಪ ಕಷ್ಟ ಇರಲಿ, ಉಸಿರು ಕಟ್ಟುವಷ್ಟು ಬೇಡ. ಇದರ ಮೇಲೆ ಕೋಚ್‌ಗಳು, ಹುಡುಗನ ಶ್ರಮದ ಸ್ವಭಾವ, ಗಾಯ, ಜೊತೆಗೆ ಒಂದಿಷ್ಟು ಅದೃಷ್ಟ. ಆ ಅದೃಷ್ಟದ ಪಾಲನ್ನು ಸೆಟ್ಟಿಂಗ್ಸ್‌ನಲ್ಲಿ ಹೆಚ್ಚು ಕಮ್ಮಿ ಮಾಡಬಹುದು. ಮಾಡಬೇಡಿ ಅನ್ನುವುದು ನನ್ನ ಮಾತು. ಹುಡುಗರ ಬೆಳವಣಿಗೆಯಲ್ಲಿ ಅಷ್ಟು ಅನಿಶ್ಚಿತತೆ ಇದ್ದೇ ಇರುತ್ತದೆ.

ಇವತ್ತೇ ನಿಮ್ಮ ಶಾರ್ಟ್‌ಸ್ಟಾಪ್‌ನನ್ನು ಮೇಜರ್ ಲೀಗ್‌ಗಿಂತ ಕೆಳಗಿನ ಮೈನರ್ ಲೀಗ್‌ನ ಎ ಹಂತಕ್ಕೆ ಕಳಿಸಿ. ಅಲ್ಲಿ ದಿನಾ ಶಾರ್ಟ್‌ಸ್ಟಾಪ್ ಆಡಲಿ. ಅದೇ ಜಾಗದಲ್ಲಿ ಇನ್ನೊಬ್ಬ ಇದ್ದರೆ ಆ ಇನ್ನೊಬ್ಬನನ್ನು ಬೇರೆ ಹಂತಕ್ಕೆ ಹಾಕಿ. ಅಲ್ಲಿಂದ ಹೈ-ಎ, ಡಬಲ್-ಎ, ಟ್ರಿಪಲ್-ಎ. ಯಾವಾಗ ಮೇಲೆ ಹತ್ತಿಸಬೇಕು ಅನ್ನುವುದಕ್ಕೆ ನಾನು ಬ್ಯಾಟಿಂಗ್ ಸರಾಸರಿಯನ್ನು ಕೊನೆಗೆ ನೋಡುತ್ತೇನೆ. ಮೊದಲು ನೋಡುವುದು ಎರಡೇ: ಎಷ್ಟು ಸಲ ಮೂರು ಸ್ಟ್ರೈಕ್ ಆಗಿ ಸ್ಟ್ರೈಕ್‌ಔಟ್ ಆದ, ಎಷ್ಟು ಸಲ ಕೆಟ್ಟ ಚೆಂಡು ಬಿಟ್ಟು ವಾಕ್ (ಪುಕ್ಕಟೆ ಮೊದಲ ಬೇಸ್) ತೆಗೆದುಕೊಂಡ. ಒಂದು ಉದ್ದ ನೋಟ್‌ಬುಕ್ಕಿನಲ್ಲಿ ಪ್ರತಿ ತಿಂಗಳ ಒಂದನೇ ತಾರೀಖು ಇವೆರಡನ್ನೂ ಬರೆದಿಡುತ್ತೇನೆ. ವಾಕ್ ಏರುತ್ತಾ, ಸ್ಟ್ರೈಕ್‌ಔಟ್ ಇಳಿಯುತ್ತಾ ಇದ್ದರೆ ಹುಡುಗ ಆ ಹಂತ ಕಲಿತ ಅಂತ ಅರ್ಥ. 55 ಮತ್ತೆ 70 ಆಗದೇ ಹೋಗಬಹುದು. ಆದರೆ ಮೇಜರ್ ಲೀಗ್‌ನಲ್ಲಿ 55ರ ಶಾರ್ಟ್‌ಸ್ಟಾಪ್ ಅಂದರೆ ಚೆನ್ನಾಗಿ ಆಡುವ ಹುಡುಗನೇ. ಅವನನ್ನು ಸಿಟ್ಟಿನಲ್ಲಿ ಮಾರಿಬಿಡಬೇಡಿ.

ಪ್ರಶ್ನೆ: ನನ್ನ ಎ ತಂಡದಲ್ಲಿ 24 ವರ್ಷದವನೊಬ್ಬ 30 ಪಂದ್ಯದಲ್ಲಿ .360 ಹೊಡೆದಿದ್ದಾನೆ. ಸ್ಕೌಟ್ ಅವನಿಗೆ 40 ಕೊಟ್ಟಿದ್ದಾನೆ. ಯಾರನ್ನು ನಂಬಲಿ? — ಓದುಗರು, ಸರಸ್ವತಿಪುರಂ, ಮೈಸೂರು

ಉತ್ತರ: ಈ ಸಲ ಸ್ಕೌಟ್‌ನನ್ನೇ ನಂಬಿ. ಎ ಹಂತದಲ್ಲಿ ಆಡುವವರಲ್ಲಿ ಜಾಸ್ತಿ ಜನ ಇಪ್ಪತ್ತರ ಆಸುಪಾಸಿನವರು. 24ರವನು ಅಲ್ಲಿ ಚೆನ್ನಾಗಿ ಆಡುವುದು, ಪಿಯುಸಿ ಹುಡುಗ ಹೈಸ್ಕೂಲ್ ಪಂದ್ಯದಲ್ಲಿ ಅರ್ಧಶತಕ ಹೊಡೆದ ಹಾಗೆ. ಇನ್ನೊಂದು ಲೆಕ್ಕವೂ ಇದೆ. ಹೋಮ್ ರನ್ ಬಿಟ್ಟು, ಬ್ಯಾಟಿಗೆ ತಗುಲಿ ಮೈದಾನದೊಳಗೆ ಬಿದ್ದ ಚೆಂಡುಗಳಲ್ಲಿ ನೂರಕ್ಕೆ ಸುಮಾರು 30 ಹಿಟ್ ಆಗುತ್ತವೆ. ಇದಕ್ಕೆ ಬ್ಯಾಬಿಪ್ ಅಂತಾರೆ. ನಿಮ್ಮವನ ಬ್ಯಾಬಿಪ್ .430 ಇದ್ದರೆ ಚೆಂಡು ಸುಮ್ನೆ ಖಾಲಿ ಜಾಗದಲ್ಲಿ ಬೀಳುತ್ತಿದೆ. ಆದರೂ ಡಬಲ್-ಎಗೆ ಕಳಿಸಿ ಎರಡು ತಿಂಗಳು ನೋಡಿ. ಎ ಹಂತದಲ್ಲಿ ಅವನು ನಿಂತಿರುವ ಜಾಗ ಒಬ್ಬ ಎಳೆಯ ಹುಡುಗನಿಗಾದರೂ ಸಿಗಲಿ.

ಪ್ರಶ್ನೆ: 20 ವರ್ಷದ ಪಿಚರ್. ಸ್ಟಫ್ (ಎಸೆತದ ಧಾರ) 65, ಮೂವ್‌ಮೆಂಟ್ (ಚೆಂಡಿನ ತಿರುವು) 50, ಕಂಟ್ರೋಲ್ 35. ಎಸೆತಗಳಲ್ಲಿ ಫಾಸ್ಟ್‌ಬಾಲ್, ಸ್ಲೈಡರ್ ಎರಡೇ ಚೆನ್ನಾಗಿವೆ. ನಿಧಾನದ ಎಸೆತ ಚೇಂಜ್‌ಅಪ್ 25, ಅದರ ಪೊಟೆನ್ಶಿಯಲ್ 50. ಸ್ಟಾರ್ಟರ್ (ಪಂದ್ಯ ಶುರುಮಾಡುವ ಪಿಚರ್) ಮಾಡಲಾ, ರಿಲೀವರ್ (ನಡುವೆ ಬಂದು ಎಸೆಯುವವನು) ಮಾಡಲಾ? — ಓದುಗರು, ನಂಜನಗೂಡು

ಉತ್ತರ: ಎರಡೇ ಬಗೆಯ ಎಸೆತ ಇಟ್ಟುಕೊಂಡು ಸ್ಟಾರ್ಟರ್ ಆಗುವುದು ಕಷ್ಟ. ಅದೇ ಬ್ಯಾಟರ್ ಮೂರನೇ ಸಲ ಎದುರು ಬಂದಾಗ ಎಲ್ಲ ಗೊತ್ತಾಗಿರುತ್ತದೆ. ಆದರೆ ಇವನಿಗೆ 20 ವರ್ಷ, ಚೇಂಜ್‌ಅಪ್ ಬರುವ ಸೂಚನೆ ಇದೆ. ಸ್ಟ್ಯಾಮಿನಾ 50ರ ಹತ್ತಿರ ಇದ್ದರೆ ಮೈನರ್ ಲೀಗ್‌ನಲ್ಲಿ ಸ್ಟಾರ್ಟರ್ ಆಗಿಯೇ ಇರಲಿ. ಇನ್ನಿಂಗ್ಸ್ ಜಾಸ್ತಿ ಸಿಗುತ್ತವೆ. ಕಂಟ್ರೋಲ್ ಸುಧಾರಿಸೋಕೂ ಅದೇ ದಾರಿ. 23 ತುಂಬಿದರೂ ಚೇಂಜ್‌ಅಪ್ 35 ದಾಟದಿದ್ದರೆ ಆಗ ರಿಲೀವರ್ ಮಾಡಿ. ಒಂದೊಂದೇ ಇನ್ನಿಂಗ್ಸ್ ಎಸೆಯುವಾಗ ಅವನ ಸ್ಟಫ್ ಇನ್ನೂ ಮೇಲೇರುತ್ತದೆ.