ಸೆಪ್ಟೆಂಬರ್ 15ರ ರಾತ್ರಿ ಪಕ್ಕದ ಮನೆಯಿಂದ ಕರೆ ಬಂದರೆ

ತಂಗಿ, ನಿನ್ನ ಪ್ರಶ್ನೆ ಓದಿದೆ. ಧಾರವಾಡದಿಂದ ಅಮೆರಿಕದ ಟೆಕ್ಸಸ್‌ನ ಸ್ಯಾನ್ ಆಂಟೋನಿಯೊಗೆ ಬಂದು ಇನ್ನೂ ಸಾಮಾನು ಬಿಚ್ಚಿ ಮುಗಿದಿಲ್ಲ, ಅಷ್ಟರಲ್ಲೇ ಪಕ್ಕದ ಮನೆಯ ಮೆಕ್ಸಿಕನ್ ಕುಟುಂಬದವರು ಸೆಪ್ಟೆಂಬರ್ 15ರ ರಾತ್ರಿ ಕರೆದಿದ್ದಾರೆ. ಮನೆಯಲ್ಲೇ ಕಾಕ್‌ಟೇಲ್ ಮಾಡುತ್ತೇವೆ, ಬನ್ನಿ ಅಂದಿದ್ದಾರೆ. ನೀನು ಕುಡಿಯುವುದಿಲ್ಲ, ನಿನ್ನ ಗಂಡ ಅಪರೂಪಕ್ಕೆ ಒಂದು ಗ್ಲಾಸ್. ಹೋದರೆ ಬಲವಂತ ಮಾಡ್ತಾರಾ, ಮಗುವನ್ನು ಕರೆದುಕೊಂಡು ಹೋಗಬಹುದಾ, ಏನು ತಗೊಂಡು ಹೋಗಬೇಕು, ಇದು ಸಿಂಕೊ ದೆ ಮಾಯೊ ಹಬ್ಬವಾ ಅಂತ ಕೇಳಿದ್ದೀಯ.

ಖಂಡಿತ ಹೋಗಿ, ಮಗುವನ್ನೂ ಕರೆದುಕೊಂಡು ಹೋಗಿ. ಅಜ್ಜಿಯಿಂದ ಹಿಡಿದು ಕೂಸಿನವರೆಗೆ ಇಡೀ ಮನೆ ಸೇರಿ ಮಾಡುವ ಹಬ್ಬ ಇದು. ಬಂದ ಹೊಸದರಲ್ಲಿ ನಮ್ಮವರು ಇದನ್ನು ಸುಮ್ನೆ ಒಂದು ಪಾರ್ಟಿ ಅಂದುಕೊಂಡು ತಪ್ಪಿಸಿಕೊಳ್ಳುವುದನ್ನು ನೋಡಿದ್ದೇನೆ. ನನಗೆ ಅದು ತುಂಬಾ ಬೇಜಾರು ತರಿಸುತ್ತದೆ.

ಮೊದಲು ಕೊನೆಯ ಪ್ರಶ್ನೆ. ಇದು ಸಿಂಕೊ ದೆ ಮಾಯೊ ಅಲ್ಲ. ಅದು ಮೇ 5. 1862ರಲ್ಲಿ ಮೆಕ್ಸಿಕೊದ ಪ್ವೆಬ್ಲಾ ಊರಿನ ಹತ್ತಿರ ಜನರಲ್ ಇಗ್ನಾಸಿಯೊ ಸರಗೋಸಾ ಅವರ ಸೈನ್ಯ ಫ್ರೆಂಚರನ್ನು ಸೋಲಿಸಿದ ದಿನ. ಸೆಪ್ಟೆಂಬರ್‌ನದು ಮೆಕ್ಸಿಕೊದ ಸ್ವಾತಂತ್ರ್ಯದ ಹಬ್ಬ. 1810ರ ಸೆಪ್ಟೆಂಬರ್ 16ರ ಬೆಳಗಿನ ಜಾವ ಡೊಲೊರೆಸ್ ಎಂಬ ಊರಲ್ಲಿ ಪಾದ್ರಿ ಮಿಗೆಲ್ ಇಡಾಲ್ಗೊ ಚರ್ಚಿನ ಗಂಟೆ ಹೊಡೆಸಿ ಸ್ಪೇನ್ ಆಡಳಿತದ ವಿರುದ್ಧ ಜನರನ್ನು ಎಬ್ಬಿಸಿದರು. ಮುಂದಿನ ವರ್ಷವೇ ಅವರನ್ನು ಗುಂಡಿಟ್ಟು ಕೊಂದರು. ಸ್ವಾತಂತ್ರ್ಯ ಬಂದಿದ್ದು 1821ರಲ್ಲಿ. ಆಗ ಈ ಸ್ಯಾನ್ ಆಂಟೋನಿಯೊ ಕೂಡ ಮೆಕ್ಸಿಕೊದೊಳಗೇ ಇತ್ತು. ಇಲ್ಲಿನ ಎಷ್ಟೋ ಮನೆತನಗಳು ಗಡಿ ದಾಟಿ ಬಂದವಲ್ಲ, ಗಡಿಯೇ ಅವರನ್ನು ದಾಟಿ ಆಚೆ ಹೋಯಿತು. ಅದಕ್ಕೇ ಈ ಊರಲ್ಲಿ ಇದು ಹೊರಗಿನವರ ಹಬ್ಬ ಅಲ್ಲ. ಹೊರಗಿನಿಂದ ಬಂದವರು ನಾವು.

ಇನ್ನು ಕುಡಿಯುವ ವಿಷಯ. ‘ಕುಡಿಯುವುದಿಲ್ಲ’ ಅಂತ ಒಂದು ಸಲ ನಗುತ್ತಾ ಹೇಳಿದರೆ ಸಾಕು. ನಾನೂ ಕುಡಿಯುವುದಿಲ್ಲ. ನಾನು ಹೋದ ಯಾವ ಮನೆಯಲ್ಲೂ ಯಾರೂ ಒತ್ತಾಯ ಮಾಡಿಲ್ಲ. ಆದರೆ ಸೋಫಾದಲ್ಲಿ ಕೂತುಬಿಡಬೇಡ. ಒಂದು ಗಂಟೆ ಮುಂಚೆ ಹೋಗಿ ನೇರ ಅಡುಗೆಮನೆಗೆ ನುಗ್ಗು, ನಿಂಬೆಹಣ್ಣು ಹಿಂಡಿಕೊಡು. ಅವತ್ತಿನ ಹಬ್ಬ ಅರ್ಧ ಅಲ್ಲೇ ಇರುತ್ತದೆ.

ಅಲ್ಲಿ ನಿನಗೆ ಪರಿಚಯದ್ದೊಂದು ಸಿಗುತ್ತದೆ, ಹಮೈಕಾ. ಪುಂಡಿಪಲ್ಯ ಮಾಡುತ್ತೇವಲ್ಲ, ಆ ಪುಂಡಿ ಗಿಡ. ಹೂವು ಉದುರಿದ ಮೇಲೆ ಕಾಯಿಯ ಸುತ್ತ ದಪ್ಪಗೆ ಕೆಂಪಗೆ ಉಳಿಯುವ ಎಸಳನ್ನು ಇವರು ಒಣಗಿಸಿ ಇಡುತ್ತಾರೆ. ನಮ್ಮ ಬೀದಿಯ ಅಜ್ಜಿಯೊಬ್ಬರು ಎಂಟು ಲೋಟ ನೀರಿಗೆ ಒಂದು ಲೋಟ ಎಸಳು ಹಾಕಿ, ಒಂದು ತುಂಡು ಚಕ್ಕೆ ಸೇರಿಸಿ ಹತ್ತು ನಿಮಿಷ ಕುದಿಸುತ್ತಾರೆ. ಒಲೆ ಆರಿಸಿ ಮುಚ್ಚಿಟ್ಟು, ಆಮೇಲೆ ಸೋಸಿ ಪಿಲೊನ್ಸಿಯೊ ಕರಗಿಸುತ್ತಾರೆ. ಪಿಲೊನ್ಸಿಯೊ ಅಂದರೆ ಕಬ್ಬಿನ ಅಚ್ಚುಬೆಲ್ಲವೇ. ಒಂದು ಹನಿ ಅಂಗೈಗೆ ಬಿಟ್ಟು ನೆಕ್ಕಿ ನೋಡಿ, ಹುಳಿ ಸಾಲದಿದ್ದರೆ ನಿಂಬೆ ಹಿಂಡುತ್ತಾರೆ. ಮಾಣಿಕ್ಯದ ಬಣ್ಣ ಬರುತ್ತದೆ. ಹಾಗೇ ಐಸ್ ಹಾಕಿದರೆ ನಿನಗೂ ಮಗುವಿಗೂ ಆಯಿತು. ಅದರಲ್ಲೇ ಸ್ವಲ್ಪ ತೆಗೆದು ಟಕೀಲಾ ಎಂಬ ಮದ್ಯ ಬೆರೆಸಿದರೆ ದೊಡ್ಡವರ ಗ್ಲಾಸ್. ಒಂದೇ ಪಾತ್ರೆಯಿಂದ ಎಲ್ಲರಿಗೂ ಬಡಿಸುವ ಈ ಕ್ರಮ ನನಗೆ ತುಂಬಾ ಇಷ್ಟ.

ಟಕೀಲಾ ನೀಲಿ ಕತ್ತಾಳೆಯದು. ನಮ್ಮ ಕಡೆ ಹೊಲದ ಬದುವಿಗೆ ನೆಡುವ ಕತ್ತಾಳೆಯೂ ಮೂಲದಲ್ಲಿ ಮೆಕ್ಸಿಕೊ ಕಡೆಯದೇ. ನೀಲಿ ಕತ್ತಾಳೆ ಬಲಿಯಲು ಆರೇಳು ವರ್ಷ ಬೇಕು. ಎಲೆ ಕಡಿದು, ನಡುವಿನ ಗಡ್ಡೆ ಬೇಯಿಸಿ, ಅರೆದು, ಹುದುಗಿಸಿ ಬಟ್ಟಿ ಇಳಿಸುತ್ತಾರೆ. ನಿನ್ನ ಗಂಡ ಒಂದು ಬಾಟಲಿ ಉಡುಗೊರೆ ಕೊಡುವುದಾದರೆ ಲೇಬಲ್ ಮೇಲೆ ‘100% ಅಗಾವೆ’, ಅಂದರೆ ಪೂರ್ತಿ ಕತ್ತಾಳೆಯದು, ಅಂತ ಇದೆಯಾ ನೋಡಿ ತರಲಿ. ಇಲ್ಲದಿದ್ದರೆ ಅರ್ಧದ ಹತ್ತಿರ ಬೇರೆ ಸಕ್ಕರೆಯದ್ದೂ ಇರಬಹುದು. ಬೆರೆಸಲು ಬಣ್ಣವಿಲ್ಲದ ‘ಬ್ಲಾಂಕೊ’ ಸಾಕು.

ಮಾರ್ಗರೀಟಾ ಅನ್ನುವ ಟಕೀಲಾ ಕಾಕ್‌ಟೇಲ್ ಹೆಸರು ನೀನು ಕೇಳಿರುತ್ತೀಯ. ಮನೆಗಳಲ್ಲಿ ಅದಕ್ಕಿಂತ ಸಲೀಸಾಗಿ ಆಗುವುದು ಪಲೋಮಾ. ಉದ್ದ ಗ್ಲಾಸಿಗೆ ಐಸ್, 60 ಎಂ.ಎಲ್. ಟಕೀಲಾ, ಅರ್ಧ ನಿಂಬೆ, ಚಿಟಿಕೆ ಉಪ್ಪು, ಮೇಲೆ ಗ್ರೇಪ್‌ಫ್ರೂಟ್ ಸೋಡಾ. ಅಷ್ಟೇ. ಗ್ಲಾಸಿನ ಅಂಚಿಗೆ ಉಪ್ಪು ಹಚ್ಚುವ ಕೆಲಸ ನಿನಗೆ ಕೊಟ್ಟರೆ ನಿಂಬೆ ಹೋಳನ್ನು ಅರ್ಧ ಸುತ್ತಿಗೆ ಮಾತ್ರ ಉಜ್ಜು. ಉಪ್ಪು ಬೇಡದವರು ಆ ಕಡೆಯಿಂದ ಕುಡಿಯಬಹುದು. ಹಿರಿಯರಿಗೆ ‘ಬಂದೇರಾ’ ಅಂದರೆ ಪ್ರೀತಿ. ಮೂರು ಪುಟ್ಟ ಗ್ಲಾಸು: ಒಂದರಲ್ಲಿ ನಿಂಬೆರಸ, ಒಂದರಲ್ಲಿ ಟಕೀಲಾ, ಇನ್ನೊಂದರಲ್ಲಿ ಟೊಮೆಟೊ, ಕಿತ್ತಳೆ, ಮೆಣಸಿನಕಾಯಿ ಸೇರಿಸಿದ ಸಂಗ್ರೀಟಾ. ಸಾಲಾಗಿ ಇಟ್ಟರೆ ಹಸಿರು, ಬಿಳಿ, ಕೆಂಪು, ಅವರ ಬಾವುಟದ ಬಣ್ಣ. ಒಂದೊಂದು ಗುಟುಕು ಮೂರರಿಂದಲೂ ಕುಡಿಯುತ್ತಾರೆ, ಗಟಗಟ ಏರಿಸುವುದಿಲ್ಲ.

ನೀವು ಸಸ್ಯಾಹಾರಿಗಳಾದರೆ ಇದನ್ನು ಗಮನವಿಟ್ಟು ಓದು. ಮಿಚೆಲಾಡಾ ಅಂತ ಬಿಯರ್‌ನಲ್ಲಿ ಮಾಡುವ ಪಾನೀಯಕ್ಕೆ ಹಾಕುವ ಕ್ಲಮ್ಯಾಟೊ ಎಂಬ ಟೊಮೆಟೊ ರಸದಲ್ಲಿ ಚಿಪ್ಪುಮೀನಿನ ಸಾರು ಇರುತ್ತದೆ, ಅದಕ್ಕೇ ಹಾಕುವ ವೂಸ್ಟರ್ ಸಾಸ್‌ನಲ್ಲೂ ಸಾಮಾನ್ಯವಾಗಿ ಮೀನು ಇರುತ್ತದೆ. ಅವತ್ತಿನ ಮುಖ್ಯ ಅಡುಗೆ ಪೊಸೊಲೆ ಎಂಬ ಮೆಕ್ಕೆಜೋಳದ ಸಾರು, ಅದು ಹೆಚ್ಚಾಗಿ ಹಂದಿ ಮಾಂಸದ್ದು. ಬೇಯಿಸಿ ಅರೆದ ಕಾಳಿಗೆ ಹಂದಿ ಕೊಬ್ಬು, ಅನ್ನಕ್ಕೆ ಕೋಳಿ ಸಾರು ಹಾಕುವುದೂ ಉಂಟು. ಎರಡು ದಿನ ಮುಂಚೆಯೇ ಹೇಳಿಬಿಡು, ಮುಜುಗರ ಬೇಡ. ಅವಕಾಡೊ, ಮೆಕ್ಕೆಜೋಳದ ತೆನೆ, ಪಾಪಸುಕಳ್ಳಿಯ ಪಲ್ಯ, ಚೀಸ್ ಹಾಕಿ ಮಡಚಿದ ರೊಟ್ಟಿ ಕೇಸಡಿಯಾ, ಹೊಟ್ಟೆ ತುಂಬಲು ಬೇಕಾದಷ್ಟು ಇರುತ್ತದೆ.

ಊಟ ಆಯಿತು ಅಂತ ಒಂಬತ್ತಕ್ಕೇ ಎದ್ದು ಬರಬೇಡಿ. ಮೆಕ್ಸಿಕೊ ನಗರದಲ್ಲಿ ರಾತ್ರಿ 11ರ ಹೊತ್ತಿಗೆ ರಾಷ್ಟ್ರಾಧ್ಯಕ್ಷರು ಅರಮನೆಯ ಬಾಲ್ಕನಿಯಲ್ಲಿ ಇಡಾಲ್ಗೊ ಕಾಲದ ಅದೇ ಗಂಟೆ ಬಾರಿಸುತ್ತಾರೆ. ನಮಗಿಲ್ಲಿ ಆಗ 12. 2025ರಲ್ಲಿ ಮೊದಲ ಸಲ ಒಬ್ಬ ಮಹಿಳಾ ಅಧ್ಯಕ್ಷೆ, ಕ್ಲೌಡಿಯಾ ಶೇನ್‌ಬಾಮ್, ಅದನ್ನು ಬಾರಿಸಿದರು. ನಾನಿದ್ದ ಮನೆಯಲ್ಲಿ ಟಿವಿ ಮುಂದೆ ಹೆಂಗಸರೆಲ್ಲ ಕಣ್ಣೊರೆಸಿಕೊಂಡರು. ಅಧ್ಯಕ್ಷರು ಹೋರಾಟಗಾರರ ಹೆಸರು ಹೇಳಿದಂತೆಲ್ಲ ಎಲ್ಲರೂ ‘ವಿವಾ’, ನಮ್ಮ ‘ಜೈ’ ಇದ್ದಂತೆ, ಅಂತ ಕೂಗುತ್ತಾರೆ, ಕೊನೆಗೆ ‘ವಿವಾ ಮೆಹಿಕೊ’ ಮೂರು ಸಲ. ನೀನೂ ಗಟ್ಟಿಯಾಗಿ ಕೂಗು. ಅವರಿಗೆ ಎಷ್ಟು ಖುಷಿಯಾಗುತ್ತದೆ ಅಂತ ಆಗ ಗೊತ್ತಾಗುತ್ತದೆ. ಅಂಗಡಿಯಲ್ಲಿ ಸಿಗುವ ಅಂಟಿಸುವ ಮೀಸೆ, ದೊಡ್ಡ ಟೋಪಿ ಮಾತ್ರ ಬೇಡ, ಅದು ಅವಮಾನ.

ನಿನ್ನ ಗಂಡನಿಗೆ ಒಂದು ಮಾತು. ಪಕ್ಕದ ಮನೆಯಾದರೆ ಸರಿ, ನಡೆದು ಹೋಗಿ ಬರಬಹುದು. ಅಲ್ಲಿಂದ ಇನ್ನೆಲ್ಲಿಗಾದರೂ ಹೊರಟರೆ ಸ್ಟಿಯರಿಂಗ್ ನಿನ್ನ ಕೈಯಲ್ಲಿರಲಿ. ಕುಡಿದು ಓಡಿಸಿ ಅರೆಸ್ಟ್ ಆದರೆ ಶಿಕ್ಷೆ ಆಗುವ ಮೊದಲೇ ವೀಸಾ ರದ್ದಾಗಬಹುದು. ಇದನ್ನು ಹೊಸಬರಿಗೆ ಯಾರೂ ಹೇಳುವುದಿಲ್ಲ.

ತಗೊಂಡು ಹೋಗಲು ಬಾಟಲಿಯೇ ಆಗಬೇಕು ಅಂತಿಲ್ಲ. ನಾನು ಅಂಗಡಿಯಿಂದ ಪಿಲೊನ್ಸಿಯೊ ತಂದು ಶುಂಠಿ, ಏಲಕ್ಕಿ ಹಾಕಿ ಒಂದು ಜಗ್ ಪಾನಕ ಮಾಡಿ ಒಯ್ಯುತ್ತೇನೆ, ಎಲ್ಲಕ್ಕಿಂತ ಮೊದಲು ಅದು ಖಾಲಿ ಆಗುತ್ತದೆ. ಜೊತೆಗೆ ಎರಡು ಚೀಲ ಐಸ್ ಹಿಡಿದುಕೊಂಡು ಹೋಗು. ಸೆಪ್ಟೆಂಬರ್‌ನಲ್ಲೂ ಇಲ್ಲಿ ಸೆಕೆ ಜೋರು, ಹತ್ತು ಗಂಟೆಯೊಳಗೆ ಅವರ ಮನೆಯ ಐಸ್ ಮುಗಿದಿರುತ್ತದೆ.