ಅಷ್ಟಮಿಯ ಮೂಡೆ: ಉಂಡೆ ಬಿಟ್ಟರೂ ಎಲೆ ಬಿಡಬೇಡಿ

ಓದುಗರ ಪತ್ರ: ಮಂಗಳೂರಿನ ಫ್ಲ್ಯಾಟಿನಲ್ಲಿ ನಾವಿರುವುದು ಮೂವರು: ನಾನು, ನನ್ನ ಗಂಡ, ಅತ್ತೆ. ಕಳೆದ ಕೃಷ್ಣಾಷ್ಟಮಿಗೆ ಮೂಡೆ (ಕೇದಗೆ ಎಲೆಯ ಸುರುಳಿಯಲ್ಲಿ ಬೇಯಿಸುವ ಇಡ್ಲಿಯಂಥ ಕಡುಬು), ಚಕ್ಕುಲಿ, ಐದು ಬಗೆಯ ಉಂಡೆ ಎಲ್ಲವನ್ನೂ ಮಾಡಲು ಹೊರಟೆ. ಮೂಡೆ ನಡುವಿನಲ್ಲಿ ಅಂಟಂಟಾಗಿ ಉಳಿಯಿತು. ಚಕ್ಕುಲಿ ಎಣ್ಣೆ ಕುಡಿದು ಎರಡನೇ ದಿನಕ್ಕೇ ಮೆತ್ತಗಾಯಿತು. ಈ ಸಲ ಮೂಡೆಯ ಹಿಟ್ಟನ್ನು ಇಡ್ಲಿ ತಟ್ಟೆಗೆ ಹೊಯ್ದರೆ ಆಗದೇ? ಉಪವಾಸವಿರುವ ಅತ್ತೆಗೆ ರಾತ್ರಿ ಅರ್ಘ್ಯವಾದ ಮೇಲೆ ಕುಡಿಯಲು ಏನು ಕೊಡಲಿ?

ಸಂಪಾದಕರ ಉತ್ತರ: ಇಡ್ಲಿ ತಟ್ಟೆ ಬೇಡ. ಐದು ಉಂಡೆಗಳಲ್ಲಿ ನಾಲ್ಕನ್ನು ಬಿಡಿ, ಚಕ್ಕುಲಿಯನ್ನು ಅರ್ಧಕ್ಕೆ ಇಳಿಸಿ, ಕೇದಗೆ ಎಲೆಯನ್ನು ಮಾತ್ರ ಬಿಡಬೇಡಿ. ಹಿಟ್ಟು ಮುಕ್ಕಾಲು ಗಂಟೆ ಆ ಎಲೆಯ ಉಗಿಯಲ್ಲಿ ಬೇಯುವುದರಿಂದಲೇ ಮೂಡೆಗೆ ಅದರ ಪರಿಮಳ. ಹತ್ತು ನಿಮಿಷದಲ್ಲಿ ತಟ್ಟೆಯಿಂದ ಎದ್ದು ಬರುವುದು ಒಳ್ಳೆಯ ಇಡ್ಲಿ, ಅಷ್ಟೇ.

ಮೊದಲು ದಿನ ಗೊತ್ತುಮಾಡಿಕೊಳ್ಳಿ. ಉಡುಪಿ ಕೃಷ್ಣಮಠದಲ್ಲಿ ಅಷ್ಟಮಿ ಸೌರಮಾನದ ಸಿಂಹಮಾಸದ (ಸೂರ್ಯ ಸಿಂಹರಾಶಿಯಲ್ಲಿರುವ ತಿಂಗಳ) ಲೆಕ್ಕದಲ್ಲಿ ಬರುತ್ತದೆ. 2025ರಲ್ಲಿ ಬೇರೆ ಕಡೆ ಆಗಸ್ಟ್ 16ಕ್ಕೆ ಆದ ಹಬ್ಬ ಉಡುಪಿಯಲ್ಲಿ ಸೆಪ್ಟೆಂಬರ್ 14ಕ್ಕೆ ಬಂತು. ನಿಮ್ಮ ಮನೆಯಲ್ಲಿ ಯಾವ ಪಂಚಾಂಗ ಅನುಸರಿಸುತ್ತೀರೆಂದು ಅತ್ತೆಯವರನ್ನು ಕೇಳಿ, ಅಲ್ಲಿಂದ ಹಿಂದಕ್ಕೆ ಎಣಿಸಿ: ಚಕ್ಕುಲಿ ಎರಡು ದಿನ ಮೊದಲು, ಉಂಡೆ ಹಿಂದಿನ ದಿನ, ಹಿಟ್ಟು ರುಬ್ಬುವುದು ಅಷ್ಟಮಿಯ ಸಂಜೆ, ಮೂಡೆ ಬೇಯಿಸುವುದು ಮರುದಿನ, ವಿಟ್ಲಪಿಂಡಿಯ ಬೆಳಿಗ್ಗೆ.

ಎಲೆಯನ್ನು ನೀವೇ ಸುತ್ತಬೇಕೆಂದಿಲ್ಲ. ಕೇದಗೆಯ ಎರಡೂ ಅಂಚಿನ ಮತ್ತು ಬೆನ್ನಿನ ಮುಳ್ಳನ್ನು ಕತ್ತಿಯಿಂದ ಹೆರೆದು ತೆಗೆದು, ಎಲೆಯನ್ನು ಬೆಂಕಿಯಲ್ಲಿ ಬಾಡಿಸಿ, ಸುರುಳಿ ಸುತ್ತಿ ಕಡ್ಡಿ ಚುಚ್ಚುವುದು ಕೈ ಪಳಗಿದವರ ಕೆಲಸ. ಹಬ್ಬಕ್ಕೆ ಮುಂಚೆ ಮಂಗಳೂರಿನ ಮಾರುಕಟ್ಟೆಯಲ್ಲೂ ಉಡುಪಿಯ ಪೇಟೆಯಲ್ಲೂ ಸುತ್ತಿದ ಮೂಡೆ ಸಿಗುತ್ತದೆ, ಧಾರಾಳವಾಗಿ ಕೊಳ್ಳಿ. ಆದರೆ ತಂದ ಕೂಡಲೇ ಹಿಟ್ಟು ಹೊಯ್ಯಬೇಡಿ. ಒಣಗಿದ ಎಲೆ ಕುಗ್ಗಿ ಸುತ್ತಿನ ನಡುವೆ ಸಂದು ಬಿಟ್ಟಿರುತ್ತದೆ, ಹಿಟ್ಟು ಅಲ್ಲಿಂದಲೇ ಸೋರುವುದು. ಹತ್ತು ನಿಮಿಷ ನೀರಲ್ಲಿ ಮುಳುಗಿಸಿ, ಒರೆಸಿ, ತಳವನ್ನು ಬೆಳಕಿಗೆ ಹಿಡಿದು ನೋಡಿ. ತೂತು ಕಂಡರೆ ಬಾಡಿಸಿದ ಬಾಳೆ ಎಲೆಯ ಚೂರನ್ನು ಒಳಗಿನಿಂದ ಒತ್ತಿ ಕೂರಿಸಿದರಾಯಿತು.

ಕೇದಗೆ ಸಿಗದಿದ್ದರೆ ಹಲಸಿನ ಎಲೆಯ ಕೊಟ್ಟೆ. ನಾಲ್ಕು ಅಗಲದ ಎಲೆ, ತುದಿಗಳು ನಡುವಿಗೆ, ಬದಿಗೆ ತೆಂಗಿನ ಗರಿಯ ಕಡ್ಡಿ. ಎಲೆಯನ್ನು ಹಿಂದಿನ ದಿನವೇ ಕೊಯ್ದಿಡಿ. ಆಗತಾನೆ ಕೊಯ್ದದ್ದು ಮಡಚುವಾಗ ಸೀಳುತ್ತದೆ, ಬಾಡಿದ್ದು ಬಗ್ಗುತ್ತದೆ. ಅರಿಶಿನದ ಎಲೆ ಇಲ್ಲಿಗೆ ಹೊಂದದು, ಅದರ ಘಾಟು ಉದ್ದಿನ ರುಚಿಯನ್ನು ಮುಚ್ಚಿಬಿಡುತ್ತದೆ.

ಇನ್ನು ಹಿಟ್ಟು. ನಿಮ್ಮ ಮೂಡೆ ಕೆಟ್ಟದ್ದು ಇಲ್ಲಿಯೇ ಎಂದು ನಮ್ಮ ಅನುಮಾನ. 1 ಲೋಟ ಉದ್ದಿನಬೇಳೆಗೆ 2 ಲೋಟ ಅಕ್ಕಿ ತರಿ. ಮಧ್ಯಮ ಗಾತ್ರದ ಎಂಟು ಹತ್ತು ಮೂಡೆಗೆ ಇದು ಸಾಕು. ಉದ್ದನ್ನು 3 ಗಂಟೆ ನೆನೆಸಿ, ನೀರನ್ನು ಚೂರುಚೂರೇ ಸೇರಿಸುತ್ತಾ ನುಣ್ಣಗೆ ಉಬ್ಬುವಂತೆ ರುಬ್ಬಿ. ಒಂದು ಹನಿಯನ್ನು ನೀರಿಗೆ ಹಾಕಿದರೆ ತೇಲಬೇಕು. ಮುಳುಗಿದರೆ ಇನ್ನೂ ರುಬ್ಬಬೇಕು. ಮಿಕ್ಸಿಯಾದರೆ ಐಸ್ ನೀರು ಬಳಸಿ, ಬಿಸಿಯಾದ ಉದ್ದು ಉಬ್ಬುವುದಿಲ್ಲ. ತರಿಯನ್ನು ತೊಳೆದು ಅರ್ಧ ಗಂಟೆ ನೆನೆಸಿ, ಮುಷ್ಟಿಯಲ್ಲಿ ಗಟ್ಟಿಯಾಗಿ ಹಿಂಡಿ ಸೇರಿಸಿ. ಹಿಂಡದೆ ಹಾಕಿದ ತರಿಯ ನೀರೆಲ್ಲ ಹಿಟ್ಟಿಗೆ ಬರುತ್ತದೆ. ಇಡ್ಲಿಯಲ್ಲಿ ಈ ತಪ್ಪು ಅಷ್ಟಾಗಿ ಗೊತ್ತಾಗದು, ಒಂದು ಗೇಣು ಎತ್ತರ ನಿಲ್ಲುವ ಮೂಡೆಯಲ್ಲಿ ತರಿ ಕೆಳಗಿಳಿದು ತಳ ಗಟ್ಟಿ, ನಡು ಅಂಟು. ಆದ್ದರಿಂದ ಮೂಡೆಯ ಹಿಟ್ಟು ಇಡ್ಲಿಯದಕ್ಕಿಂತ ಒಂದು ಪಾಲು ಗಟ್ಟಿಯೇ ಇರಲಿ; ಸೌಟಿನಿಂದ ಸುರಿಯಬಾರದು, ಮುದ್ದೆಯಾಗಿ ಬೀಳಬೇಕು.

ಉಪ್ಪು ಹಾಕಿ ಕೈಯಲ್ಲೇ ಕಲಸಿ, ದೊಡ್ಡ ಪಾತ್ರೆಯಲ್ಲಿಡಿ. ಮಳೆಗಾಲದ ರಾತ್ರಿ ಹುದುಗಲು 10ರಿಂದ 12 ಗಂಟೆ ಬೇಕು. ಸೆಕೆಯಿದ್ದರೆ 8 ಗಂಟೆಗೇ ಆಗಿಬಿಡುತ್ತದೆ, ಹೆಚ್ಚಾದರೆ ಹುಳಿ ಬಂದು ಕುಸಿಯುತ್ತದೆ. ಬೆಳಿಗ್ಗೆ ಉಬ್ಬಿದ ಹಿಟ್ಟನ್ನು ಕಲಕಲೇಬೇಡಿ. ಅಂಚಿನಿಂದ ತೆಗೆತೆಗೆದು ಮುಕ್ಕಾಲು ಮೂಡೆಗೆ ತುಂಬಿಸಿ.

ತೊಂದೂರಿನಲ್ಲಿ (ಉಗಿಯಲ್ಲಿ ಬೇಯಿಸುವ ಪಾತ್ರೆ) ನೀರು ಕುದಿಯತೊಡಗಿದ ಮೇಲೆಯೇ ಮೂಡೆ ಇಡಬೇಕು. ಒಂದಕ್ಕೊಂದು ತಾಗಿಸಿ ನಿಲ್ಲಿಸಿದರೆ ವಾಲುವುದಿಲ್ಲ. ಮುಚ್ಚಳಕ್ಕೆ ಒಳಗಿನಿಂದ ಬಟ್ಟೆ ಕಟ್ಟಿ, ಇಲ್ಲವಾದರೆ ಮುಚ್ಚಳದ ಹನಿ ಬಿದ್ದು ಮೇಲ್ಭಾಗ ಹಸಿಯಾಗುತ್ತದೆ. ಕುಕ್ಕರಾದರೆ ವಿಸಲ್ ತೆಗೆದಿಡಿ. ಮೂಡೆಗೆ 40ರಿಂದ 45 ನಿಮಿಷ, ಕೊಟ್ಟೆಗೆ 30. ಅಷ್ಟು ಹೊತ್ತಿಗೆ ನೀರು ಬತ್ತುವುದುಂಟು. ತಳದಲ್ಲಿ ಒಂದು ನಾಣ್ಯ ಹಾಕಿಟ್ಟರೆ ಅದರ ಗಲಗಲ ಸದ್ದು ನಿಂತಾಗ ಗೊತ್ತಾಗುತ್ತದೆ, ಆಗ ಕುದಿಯುವ ನೀರನ್ನೇ ಸೇರಿಸಿ. ತಣ್ಣೀರು ಹಾಕಿದರೆ ಉಗಿ ನಿಂತು ಅರ್ಧ ಬೆಂದದ್ದು ಕುಳಿತುಹೋಗುತ್ತದೆ. ಉದ್ದದ ಕಡ್ಡಿಯನ್ನು ತಳದವರೆಗೆ ಚುಚ್ಚಿ ನೋಡಿ, ಹಿಟ್ಟು ಅಂಟದೆ ಬಂದರೆ ಒಲೆ ಆರಿಸಿ. ಹತ್ತು ನಿಮಿಷ ಕಾಯದೆ ಎಲೆ ಬಿಚ್ಚಿದರೆ ಸರಿಯಾಗಿ ಬೆಂದದ್ದೂ ಎಲೆಗೆ ಮೆತ್ತಿಕೊಳ್ಳುತ್ತದೆ. ಜೊತೆಗೆ ತೆಂಗಿನಕಾಯಿ ಚಟ್ನಿ, ಸಾಂಬಾರು, ಅಥವಾ ಬೆಲ್ಲ ಹಾಕಿದ ಕಾಯಿಹಾಲು. ಬಹಳಷ್ಟು ತುಳು ಮನೆಗಳಲ್ಲಿ ಮೂಡೆಗೆ ಕೋರಿ ಗಸಿಯೇ (ಕೋಳಿ ಸಾರು) ಜೋಡಿ. ನಿಮ್ಮ ಮನೆಯ ಪದ್ಧತಿ ಯಾವುದೋ ಅದೇ ಸರಿ.

ಚಕ್ಕುಲಿಗೆ 2 ಲೋಟ ಅಕ್ಕಿ ಹಿಟ್ಟು, ಹದವಾಗಿ ಹುರಿದ ಉದ್ದಿನ ಹಿಟ್ಟು ಅರ್ಧ ಲೋಟ, ಬೆಣ್ಣೆ 2 ಚಮಚ, ಜೀರಿಗೆ, ಕರಿ ಎಳ್ಳು, ಉಪ್ಪು. ಎಣ್ಣೆ ಕುಡಿಯಲು ಮೂರು ಕಾರಣಗಳಿವೆ: ಬೆಣ್ಣೆ ಹೆಚ್ಚಾಗಿರುವುದು, ಹಿಟ್ಟು ನೀರಾಗಿರುವುದು, ಎಣ್ಣೆ ಕಾಯದಿರುವುದು. ಚಿಟಿಕೆ ಹಿಟ್ಟು ಹಾಕಿದಾಗ ಕೂಡಲೇ ಮೇಲೇಳಬೇಕು, ಆದರೆ ಕ್ಷಣದಲ್ಲಿ ಕೆಂಪಾಗಬಾರದು. ಬಾಣಲೆಗೆ ಒಂದೇ ಸಲ ನಾಲ್ಕಕ್ಕಿಂತ ಹೆಚ್ಚು ಬಿಟ್ಟರೆ ಎಣ್ಣೆ ತಣಿಯುತ್ತದೆ. ಒತ್ತುವಾಗ ತುಂಡಾದರೆ ಹಿಟ್ಟು ಒಣಗಿದೆ, ನೀರು ಚಿಮುಕಿಸಿ ನಾದಿ. ಎರಡನೇ ದಿನ ಮೆತ್ತಗಾಗಿದ್ದು ಉರಿ ಜೋರಾಗಿದ್ದರಿಂದ ಇರಬೇಕು: ಹೊರಗೆ ಬಣ್ಣ ಬಂದರೂ ಒಳಗೆ ನೀರು ಉಳಿದಿತ್ತು. ಮಧ್ಯಮ ಉರಿಯಲ್ಲಿ, ಗುಳ್ಳೆ ಪೂರ್ತಿ ಅಡಗುವವರೆಗೆ ಬಿಟ್ಟು ತೆಗೆಯಿರಿ. ಚೆನ್ನಾಗಿ ಆರಿದ ಮೇಲೆ ಬಿಗಿ ಮುಚ್ಚಳದ ಡಬ್ಬಿ. ನಮ್ಮ ಕರಾವಳಿಯ ಶ್ರಾವಣದ ಗಾಳಿಯಲ್ಲಿ ಒಂದು ಗಂಟೆ ತೆರೆದಿಟ್ಟರೂ ತಂಡಿ ಹಿಡಿಯುತ್ತದೆ.

ಉಂಡೆಯಲ್ಲಿ ಎಳ್ಳಿನದೊಂದೇ ಸಾಕು. ಹುರಿದ ಎಳ್ಳು 1 ಲೋಟ, ಬೆಲ್ಲ ಮುಕ್ಕಾಲು ಲೋಟ. ಪಾಕದ ಹನಿ ನೀರಲ್ಲಿ ಮೆತ್ತಗಿನ ಗುಂಡಾದಾಗ ಇಳಿಸಿ. ತಡವಾದರೆ ಕೈಗೆ ಬರುವ ಮೊದಲೇ ಕಲ್ಲಾಗುತ್ತದೆ.

ಅತ್ತೆಗೆ ಅರ್ಘ್ಯವಾದ ಮೇಲೆ ಕೊಡಲು ಬೆಲ್ಲದ ಪಾನಕ ಹಿತ. 1 ಲೀಟರ್ ನೀರಿಗೆ 150 ಗ್ರಾಂ ಬೆಲ್ಲ ಕರಗಿಸಿ ಸೋಸಿ, 4 ಏಲಕ್ಕಿ, ಅರ್ಧ ಚಮಚ ಒಣಶುಂಠಿ ಪುಡಿ, ಅಷ್ಟೇ ಕುಟ್ಟಿದ ಕಾಳುಮೆಣಸು, ಕೊನೆಗೆ ಒಂದು ಲಿಂಬೆ. ದಿನವಿಡೀ ಬರಿಹೊಟ್ಟೆಯಲ್ಲಿದ್ದವರಿಗೆ ಲಿಂಬೆಯನ್ನು ಅರ್ಧಕ್ಕೆ ಇಳಿಸಿ. ಮಧುಮೇಹವಿದ್ದರೆ ಪಾನಕದ ಬದಲು ಶುಂಠಿ ಹಾಕಿದ ನೀರು ಮಜ್ಜಿಗೆ. ಆದರೆ ಔಷಧಿ ತೆಗೆದುಕೊಳ್ಳುವವರು ಇಡೀ ದಿನ ಉಪವಾಸವಿರುವ ಮೊದಲು ವೈದ್ಯರನ್ನು ಕೇಳಲೇಬೇಕು. ಮರುದಿನ ಬರುವ ನೆಂಟರಿಗೆ ಪುನರ್ಪುಳಿ (ಕೋಕಂ) ಶರಬತ್ತು ಮಾಡಬಹುದು: ಒಣ ಸಿಪ್ಪೆ ಹನ್ನೆರಡನ್ನು 2 ಲೋಟ ಬಿಸಿನೀರಲ್ಲಿ ಎರಡು ಗಂಟೆ ನೆನೆಸಿ, ಹಿಂಡಿ ಸೋಸಿ, ಸಕ್ಕರೆ ಮತ್ತು ಜೀರಿಗೆ ಪುಡಿ ಸೇರಿಸಿ ಬೇಕಾದಷ್ಟು ನೀರು ಬೆರೆಸಿ. ಸ್ಟೀಲ್ ಅಥವಾ ಗಾಜಿನ ಪಾತ್ರೆಯೇ ಇರಲಿ, ಅಲ್ಯುಮಿನಿಯಂಗೆ ಈ ಹುಳಿ ಆಗದು.

ಉಳಿದ ಮೂಡೆಯನ್ನು ಎಲೆ ಬಿಚ್ಚದೆ ಫ್ರಿಜ್‌ನಲ್ಲಿಡಿ. ಮರುದಿನ ಎಲೆಯೊಂದಿಗೇ ಹತ್ತು ನಿಮಿಷ ಉಗಿಯಲ್ಲಿಟ್ಟರೆ ಮತ್ತೆ ಮೆದುವಾಗುತ್ತದೆ. ಇಲ್ಲವೇ ಬಿಲ್ಲೆಗಳಾಗಿ ಕತ್ತರಿಸಿ, ತೆಂಗಿನೆಣ್ಣೆ ಸವರಿದ ಕಾವಲಿಯಲ್ಲಿ ಎರಡೂ ಬದಿ ಕೆಂಪಾಗುವಂತೆ ಕಾಯಿಸಿ.