ಬಿಳಿ ನೊಣಕ್ಕೆ ಹದಿನೈದು ದಿನದ ಲೆಕ್ಕ ನಡೆಯಲ್ಲ ಮೇಡಂ

ಡಿಸೆಂಬರ್‌ನಲ್ಲಿ ಹದಿನೈದು ದಿನಕ್ಕೊಮ್ಮೆ ಬೇವಿನೆಣ್ಣೆ ಹೊಡೆದು ಬಿಳಿ ನೊಣದಿಂದ ಬದನೆ ಉಳಿಸಿಕೊಂಡೆ, ಈಗ ಏಪ್ರಿಲ್‌ನಲ್ಲಿ ಅದೇ ಎಣ್ಣೆ ಕೆಲಸ ಮಾಡ್ತಿಲ್ಲ ಅಂತ ಬರೆದಿದ್ದೀರಿ. ಎಣ್ಣೆಯನ್ನು ಬೈಯಬೇಡಿ. ತಪ್ಪಿರುವುದು ಹದಿನೈದು ದಿನದಲ್ಲಿ. ಇದೇ ತಪ್ಪಿಗೆ ನಾನು ಒಂದು ಬೇಸಿಗೆ ಟೆರೇಸಿನ ಅಷ್ಟೂ ಬದನೆ ಕಿತ್ತು ಹಾಕಿದ್ದೇನೆ. ಭಾನುವಾರ ಬಿಟ್ಟು ಭಾನುವಾರ ತಪ್ಪದೆ ಹೊಡೆದಿದ್ದೆ. ಆದರೂ ಕುಂಡ ಅಲುಗಾಡಿಸಿದರೆ ಹಿಟ್ಟು ಕೊಡವಿದ ಹಾಗೆ ನೊಣ ಏಳ್ತಿತ್ತು, ಕೆಳಗಿನ ಎಲೆಗಳ ಮೇಲೆ ಅಂಟು, ಅದರ ಮೇಲೆ ಕಪ್ಪು ಬೂಷ್ಟು.

ಈ ನೊಣ 15 ಡಿಗ್ರಿಯಲ್ಲಿ ಮೊಟ್ಟೆಯಿಂದ ರೆಕ್ಕೆ ಬರೋವರೆಗೆ ಸುಮಾರು ಎರಡು ತಿಂಗಳು ತೆಗೆದುಕೊಳ್ಳುತ್ತದೆ. 30 ಡಿಗ್ರಿಯಲ್ಲಿ 17 ದಿನ ಸಾಕು. ಬೇವಿನೆಣ್ಣೆ ಮರಿಗೆ ನಾಟಿದಷ್ಟು ಮೊಟ್ಟೆಗೆ ನಾಟಲ್ಲ. ನೀವು ಮತ್ತೆ ಪಂಪ್ ಹಿಡಿಯೋ ಹೊತ್ತಿಗೆ ಉಳಿದ ಮೊಟ್ಟೆಯೆಲ್ಲ ಒಡೆದು, ಮರಿ ಬೆಳೆದು ಮುಗಿದಿರುತ್ತದೆ.

ನಾನು ಈಗ ಬಿಸಿಯನ್ನೇ ಎಣಿಸುತ್ತೇನೆ. ದಿನದ ಗರಿಷ್ಠ, ಕನಿಷ್ಠ ಕೂಡಿಸಿ ಅರ್ಧ ಮಾಡಿ, ಅದರಲ್ಲಿ 10 ಕಳೆಯಿರಿ. ಬಂದದ್ದನ್ನು ಹಾಲಿನ ಲೆಕ್ಕದ ಹಾಗೆ ಕ್ಯಾಲೆಂಡರ್‌ನಲ್ಲಿ ಬರೆದು ಕೂಡಿಸ್ತಾ ಹೋಗಿ. ಹೆಚ್ಚುಕಡಿಮೆ 320 ಆದಾಗ ಒಂದು ತಲೆಮಾರು ಮುಗಿಯಿತು. ನಮ್ಮ ಬೆಂಗಳೂರಿನ ಡಿಸೆಂಬರ್‌ನಲ್ಲಿ 27, 16 ಇದ್ದರೆ ದಿನಕ್ಕೆ ಹನ್ನೊಂದೂವರೆ, ಅಂದರೆ 28 ದಿನ. ಏಪ್ರಿಲ್‌ನ 34, 22ಕ್ಕೆ ದಿನಕ್ಕೆ 18, ಅಂದರೆ 18 ದಿನ ಅಷ್ಟೇ. ಥರ್ಮಾಮೀಟರ್ ಗಿಡದ ಎತ್ತರಕ್ಕೆ, ನೆರಳಲ್ಲಿ ನೇತು ಹಾಕಿ. ನಾನು ಮೊದಲು ಪ್ಯಾರಪೆಟ್ ಮೇಲಿಟ್ಟು ಸಿಮೆಂಟಿನ ಬಿಸಿ ಅಳೀತಿದ್ದೆ. ಇನ್ನೊಂದು, ಬಿಸಿ ಏರಿದಷ್ಟೂ ಹುಳ ಬೇಗ ಬೆಳೆಯುತ್ತದೆ ಅಂತಲ್ಲ. 35 ದಾಟಿದರೆ ಅದಕ್ಕೂ ಕಷ್ಟ, ಆಗ ಈ ಲೆಕ್ಕ ತಪ್ಪುತ್ತದೆ.

ಹಾಗಾಗಿ ಈಗ ಒಂದು ತಲೆಮಾರು ಮುಗಿಯೋದರೊಳಗೆ ಒಡೆದು ಬರೋ ಮರಿಗಳೆಲ್ಲ ಸಿಗುವಂತೆ ಐದಾರು ದಿನಕ್ಕೊಮ್ಮೆ, ಸತತ ಮೂರು ನಾಲ್ಕು ಸಲ ಹೊಡೆಯಿರಿ. ಎಲೆ ಮಗುಚಿ ಅಡಿಗೇ ಹೊಡೆಯಬೇಕು, ಮೇಲೆ ಹೊಡೆದರೆ ಸುಮ್ನೆ ದಂಡ. ಸಂಜೆ ಹೊಡೆಯಿರಿ, ಮಧ್ಯಾಹ್ನ ಹೊಡೆದರೆ ಎಲೆ ಸುಡುತ್ತದೆ. ನನಗೆ ಎಣ್ಣೆಗಿಂತ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆ ಐಐಎಚ್‌ಆರ್‌ನ ಬೇವಿನ ಸೋಪು ಇಷ್ಟ. ನೀರಲ್ಲಿ ಚೆನ್ನಾಗಿ ಕರಗುತ್ತೆ, ನಾಜಲ್ ಕಟ್ಟಲ್ಲ. ಮೇಲಿನ ಕಾಮೆಂಟಿನಲ್ಲಿ ಒಬ್ಬರು ಇಮಿಡಾ (ಇಮಿಡಾಕ್ಲೋಪ್ರಿಡ್ ಅನ್ನೋ ರಾಸಾಯನಿಕ ಕೀಟನಾಶಕ) ಹೊಡೀರಿ ಅಂದಿದ್ದಾರೆ. ದಯವಿಟ್ಟು ಬೇಡ. ನಾಳೆ ಕಿತ್ತು ಸಾಂಬಾರಿಗೆ ಹಾಕೋ ಬದನೆಗೆ ಅದನ್ನು ಹೇಗೆ ಹೊಡೀತೀರಿ? ಬಿಳಿ ನೊಣ ಅದಕ್ಕೆ ಒಗ್ಗಿಕೊಂಡೂ ಆಗಿದೆ.

ಪಕ್ಕದಲ್ಲಿ ಟೊಮೆಟೊ ಇದ್ದರೆ ಮೊದಲು ಅದನ್ನು ನೋಡಿ. ಎಲೆ ಮುಟುರು ರೋಗ ಹರಡುವುದು ಇದೇ ನೊಣ. ಮುದುರಿದ ಗಿಡ ಚೇತರಿಸಿಕೊಳ್ಳಲ್ಲ, ಕಿತ್ತು ಕವರಿನಲ್ಲಿ ಕಟ್ಟಿ ಎಸೆಯಿರಿ. ಎಲೆ ಅಡಿ ಸಣ್ಣ ಬಲೆ, ಮೇಲೆ ಹಳದಿ ಚುಕ್ಕೆ ಕಂಡರೆ ಅದು ಬೇರೆ, ಕೆಂಪು ನುಸಿ. ಒಣ ಬಿಸಿಲು ಅದಕ್ಕೆ ಹಬ್ಬ. ದಿನಾ ಬೆಳಿಗ್ಗೆ ಎಲೆ ಅಡಿಗೆ ಪೈಪಿನಿಂದ ಜೋರಾಗಿ ನೀರು ಬಿಡಿ. ಇವತ್ತೇ ಒಂದು ಕೆಳಗಿನ ಎಲೆ ಮಗುಚಿ ಫೋಟೊ ಹಾಕಿ, ಮರಿ ಎಷ್ಟು ಬೆಳೆದಿದೆ ನೋಡಿ ಹೇಳುತ್ತೇನೆ.